ಕಿಟಕಿಯಮ್ಮನ ಕಾಲರು

ಅಂಗಿ ಕೊಳ್ಳಲು ಬಂದವರು ಮೊದಲು ಹಿಂಡಿ ನೋಡುವುದು ಕಾಲರನ್ನೇ. ಬಣ್ಣ, ಹೊಲಿಗೆ, ತೋಳಿನ ಉದ್ದ ಎಲ್ಲ ಆಮೇಲಿನ ಮಾತು. ಹೆಬ್ಬೆರಳು ತೋರುಬೆರಳು ಸೇರಿ ಕಾಲರಿನ ತುದಿಯನ್ನು ತುಂಟ ಮಗುವಿನ ಕಿವಿ ಹಿಡಿದ ಹಾಗೆ ಹಿಡಿಯುತ್ತವೆ. ಅದು ಬಗ್ಗದೆ ನಿಂತರೆ ಗಿರಾಕಿ ಬಗ್ಗುತ್ತಾನೆ. ಆ ಬಿಗುವು ಎಲ್ಲಿಂದ ಬಂತು ಎಂದು ಕೇಳಿದವರನ್ನು ಮಾತ್ರ ಈವರೆಗೆ ಯಾರೂ ಕಂಡಿಲ್ಲ. ಎರಡು ಪದರ ಬಟ್ಟೆಯ ನಡುವೆ ಬಕ್ರಂ ಎಂಬ ಒರಟು ಬಟ್ಟೆಯೊಂದು ಹೊರಗೆ ಮುಖ ತೋರಿಸದೆ ಕೂತಿರುತ್ತದೆ. ಮನೆಯಲ್ಲಿ ದುಡಿದು ಹಾಕುವವರ ಹಣೆಬರಹವೇ ಅದಕ್ಕೂ ಬಂದಿದೆ: ನೆಟ್ಟಗಿರುವಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ, ಕೈಕೊಟ್ಟ ದಿನ ಬೀದಿಗೆಲ್ಲ ಗೊತ್ತಾಗುತ್ತದೆ.

ಈ ಬಕ್ರಂ ಕೂರಿಸಿ ಕಾಲರು ಮಾಡಿಕೊಡುವುದೇ ಆ ಮನೆಯ ಕಸುಬು. ಅಂಗಿ ಹೊಲಿಯುವವರು ಬೇರೆ, ಗುಂಡಿ ಹಾಕುವವರು ಬೇರೆ. ಇವರ ಸಾಮ್ರಾಜ್ಯ ಕುತ್ತಿಗೆಯ ಸುತ್ತಳತೆ ದಾಟುತ್ತಿರಲಿಲ್ಲ. ಬೀದಿಗೆ ತೆರೆದುಕೊಂಡ ಉದ್ದನೆಯ ಒಂದು ಕೋಣೆ, ಹಳೆ ಕಂಬಳಿ ಹೊದೆಸಿದ ಮೇಜು, ಎರಡು ಇಸ್ತ್ರಿ ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ, ಮೊಳೆಗೆ ನೇತುಹಾಕಿದ ತಗಡಿನ ಅಳತೆ ಅಚ್ಚುಗಳು. ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಬಿಸಿ ಬಟ್ಟೆಯ ವಾಸನೆ ಮಾತ್ರ ಮೂರು ಕೋಣೆಗೂ ಒಂದೇ.

ಗುಂಡಿ ದಾರದ ಅಂಗಡಿಯವರ ಮಗಳು ಆ ಮನೆಗೆ ಸೊಸೆಯಾಗಿ ಬಂದಾಗ, ಹೊಸ್ತಿಲಲ್ಲಿ ನಿಂತೇ ಒಳಗಿನ ಸರಕನ್ನೆಲ್ಲ ಕಣ್ಣಲ್ಲಿ ತೂಗಿಬಿಟ್ಟಳು. ಹುಟ್ಟಿದಂದಿನಿಂದ ಗಲ್ಲಾಪೆಟ್ಟಿಗೆಯ ಪಕ್ಕ ಬೆಳೆದವಳು, ಅವಳ ತಪ್ಪಲ್ಲ. ಮೇಜು ಗಟ್ಟಿ, ಲಾಭ. ಇಸ್ತ್ರಿ ಪೆಟ್ಟಿಗೆ ಒಳ್ಳೆಯವು, ಲಾಭ. ಗಂಡ ಅಸಲಿಗೆ ಮೋಸವಿಲ್ಲ. ಆಮೇಲೆ ಅವಳ ಕಣ್ಣು ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತು, ಮದುಮಗಳು ಮನೆಗೆ ಬಂದದ್ದನ್ನೇ ಬೀದಿಯ ಆಚೆಯವರಿಗೆ ವಿವರಿಸುತ್ತಿದ್ದ ಅತ್ತೆಯ ಮೇಲೆ ಬಿತ್ತು. ಅಷ್ಟು ಹೊತ್ತೂ ಮದುಮಗಳು ಹೊಸ್ತಿಲಲ್ಲೇ ನಿಂತಿದ್ದಳು. ಇದು ಶುದ್ಧ ನಷ್ಟ ಎಂದು ಸೊಸೆ ಮನಸ್ಸಿನಲ್ಲೇ ಬರೆದುಕೊಂಡಳು.

ಬೀದಿಯವರು ಅತ್ತೆಗೆ ಇಟ್ಟ ಹೆಸರು ಕಿಟಕಿಯಮ್ಮ. ಹೊರಗಿನಿಂದ ನೋಡಿದರೆ ಸೊಂಟದ ಮೇಲಿನ ಭಾಗ ಮಾತ್ರ ಕಾಣುತ್ತಿತ್ತು. ಆಕೆಗೆ ಕಾಲುಗಳಿವೆಯೇ ಎಂದು ಬೀದಿಯ ಮಕ್ಕಳಲ್ಲಿ ಪಂಥವೇ ನಡೆದಿತ್ತಂತೆ. ಕಿಟಕಿಗೆ ಅಗಲವಾದ ಕಲ್ಲಿನ ಕಟ್ಟೆ. ಬೀದಿಯೋ ಎಷ್ಟು ಇಕ್ಕಟ್ಟೆಂದರೆ, ಎದುರು ಮನೆಯ ದಾದಿ ತನ್ನ ಕಿಟಕಿಯಿಂದ ಕೈ ಚಾಚಿದರೆ ಇವರ ಮನೆಗೆ ಉಪ್ಪು ಕೊಡಬಹುದಿತ್ತು. ಆಸ್ಪತ್ರೆಯ ಕೆಲಸ ಮುಗಿಸಿ ಮನೆಯಲ್ಲಿ ಕೂತಿದ್ದ ದಾದಿಗೆ ಊರಿನ ಅರ್ಧ ಜನರ ಕಾಯಿಲೆ ಗೊತ್ತಿತ್ತು. ಉಳಿದರ್ಧ ಜನರ ಜಗಳ ಕಿಟಕಿಯಮ್ಮನಿಗೆ ಗೊತ್ತಿತ್ತು. ಇಬ್ಬರೂ ಸೇರಿದರೆ ಊರಿಗೆ ಊರೇ ಆ ಎರಡು ಕಿಟಕಿಗಳ ನಡುವೆ ಹಾದುಹೋಗುತ್ತಿತ್ತು.

ಕಿಟಕಿಯಮ್ಮ ಮೊದಲಿನಿಂದ ಹೀಗಿರಲಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಅವಳು ಆ ಮನೆಗೆ ಬಂದ ಕಾಲದಲ್ಲಿ ಬಕ್ರಮ್ಮಿಗೆ ಗಂಜಿ ಕುದಿಸಿ ಹಚ್ಚುತ್ತಿದ್ದರು. ಗಂಜಿ ಹಚ್ಚಿ, ಅರೆಒಣಗಿದಾಗ ಇಸ್ತ್ರಿ ಎಳೆದು, ಅಂಚು ಹೊಲಿದು, ಒಳಗಿನದನ್ನು ಹೊರಕ್ಕೆ ತಿರುವಿ, ಮೂಲೆಗೆ ಕಡ್ಡಿ ತೂರಿಸಿ ಚೂಪು ಮಾಡಬೇಕು. ಇಸ್ತ್ರಿ ಎಂದರೆ ಕೆಂಡ ತುಂಬಿದ ಕಬ್ಬಿಣ. ಎತ್ತಿದರೆ ಹೆಗಲು ಕೇಳಬೇಕು, ಇಳಿಸಿದರೆ ಮೊಣಕೈ ಕೇಳಬೇಕು. ಗಂಡ ಒಳ್ಳೆಯ ಕಸುಬುದಾರ, ಆದರೆ ಬಾಯಿ ಬಿಡುವವನಲ್ಲ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದು ಕೆಲಸಕ್ಕೋ ಅಥವಾ ಮಾತು ತಪ್ಪಿಸಲಿಕ್ಕೋ ಎಂಬ ಅನುಮಾನ ಅವಳಿಗೆ ಕೊನೆಯವರೆಗೂ ಇತ್ತು. ಇಬ್ಬರ ಪಾಲಿನ ಮಾತನ್ನೂ ತಾನೊಬ್ಬಳೇ ಆಡಬೇಕಾಗಿ ಬಂದು ಅಭ್ಯಾಸವಾಯಿತು. ಅವನು ಹೋದಮೇಲೆ ಅದೇ ಮೇಜಿನ ಮುಂದೆ ನಿಂತು ಮಗನನ್ನೂ ಮಗಳನ್ನೂ ದಡ ಸೇರಿಸಿದಳು. ಕೆಂಡದ ಇಸ್ತ್ರಿ ಹೋಗಿ ಕರೆಂಟಿನದು ಬಂತು. ಮೊಣಕೈಯ ನೋವು ಮಾತ್ರ ಹೋಗಲಿಲ್ಲ. ಗಂಡನ ನೆನಪಿಗೆ ಉಳಿದದ್ದು ಅದೊಂದೇ ಎಂದು ದಾದಿಯ ಹತ್ತಿರ ನಗಾಡುತ್ತಿದ್ದಳು.

ಮಗನಿಗೆ ಬೀದಿಯವರು ಕೊಟ್ಟ ಹೆಸರು ಬಿರುಗಾಳಿ. ಅವನು ಇಸ್ತ್ರಿ ಹಿಡಿದರೆ ನೋಡಲು ಜನ ನಿಲ್ಲುತ್ತಿದ್ದರು. ಒತ್ತಿದ, ಎತ್ತಿದ, ಎಸೆದ. ಅದು ಕೆಳಗೆ ಬೀಳುವಷ್ಟರಲ್ಲಿ ಇನ್ನೊಂದು ಒತ್ತಿ ಆಗಿರುತ್ತಿತ್ತು. ಹೊಗೆಯಾಡುವ ಕಾಲರು ಪಟ್ಟಿಗಳು ಮೇಜಿನ ತುದಿಯಲ್ಲಿ ಗೋಪುರವಾಗಿ ಏಳುತ್ತಿದ್ದವು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತಾಯಿ ಕಿಟಕಿಯಿಂದ ತಿರುಗಿಯೂ ನೋಡದೆ ಹೇಳುತ್ತಿದ್ದಳು. ಸೊಸೆಗೆ ಗಂಡನ ವೇಗದ ಮೇಲೆ ಅಭಿಮಾನ. ಅವಳು ಲೆಕ್ಕ ಹಾಕಿದ್ದಳು: ಅವನು ಗೋಪುರ ಕಟ್ಟುವಷ್ಟರಲ್ಲಿ ಅತ್ತೆ ಒಂದು ಪಟ್ಟಿ ಒತ್ತಿ, ಅದನ್ನು ತೆಗೆದುಕೊಂಡು ಕಿಟಕಿಗೆ ಹೋಗಿ, ಪಕ್ಕದ ಬೀದಿಯ ಸಂಸಾರವೊಂದನ್ನು ಬಿಚ್ಚಿ, ಒಗೆದು, ಒಣಗಿಸಿ ವಾಪಸು ಬರುತ್ತಿದ್ದಳು. ಆಮೇಲೆ ಎರಡನೆಯ ಪಟ್ಟಿ.

ಕಿಟಕಿಯ ಆ ಮೂಲೆಯಲ್ಲಿ ಬೆಳಕು ಚೆನ್ನಾಗಿತ್ತು. ಅಲ್ಲಿ ಇನ್ನೊಂದು ಮೇಜು ಹಿಡಿಯುತ್ತಿತ್ತು. ಎರಡನೆಯ ಮೇಜು ಬಂದರೆ ಕೈಗೆ ಆಳು ಇಟ್ಟುಕೊಳ್ಳಬಹುದು, ಆಳು ಬಂದರೆ ಕೆಲಸ ಬೆಳೆಯುತ್ತದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬುದು ಎಲ್ಲರೂ ಬಲ್ಲ ಮಾತು. ಸೊಸೆ ತನ್ನ ಕಾಲ ಬಂತೆಂದು ತೀರ್ಮಾನಿಸಿ ನಾದಿನಿಗೆ ಹೇಳಿಕಳಿಸಿದಳು. ಅತ್ತೆಗೆ ಸ್ವಲ್ಪ ಹವಾ ಬದಲಾದರೆ ಒಳ್ಳೆಯದು, ಮಗಳ ಮನೆಯಲ್ಲಿ ಆರಾಮಾಗಿ ಇರಲಿ, ಈ ಕಡೆ ಬಂದಾಗ ಕರಕೊಂಡು ಹೋಗಿ ಎಂದು. ಎಷ್ಟು ದಿನಕ್ಕೆ ಎಂಬುದನ್ನು ಹೇಳಿಕಳಿಸಲಿಲ್ಲ. ಅಂಗಡಿಯಲ್ಲಿ ಹಳೆ ಸರಕನ್ನು ಸಾಗಿಸುವಾಗ ಯಾರೂ ವಾಪಸಿನ ಮಾತೆತ್ತುವುದಿಲ್ಲ.

ಅಷ್ಟರಲ್ಲಿ ಅಂಗಿ ಅಂಗಡಿಯ ಧಣಿ ಬಂದರು.

ಧಣಿ ಎಂದರೆ ಆ ಮನೆಯ ಮುಖ್ಯ ಗಿರಾಕಿ. ಅವರ ಅಂಗಡಿಯಲ್ಲಿ ನೇತಾಡುವ ಅಷ್ಟೂ ಅಂಗಿಗಳ ಕಾಲರು ಇದೇ ಮೇಜಿನಿಂದ ಹೋಗುತ್ತಿತ್ತು. ಅವರ ಕೈ ತಪ್ಪಿದರೆ ಉಳಿದ ಬಿಡಿ ಗಿರಾಕಿಗಳಿಂದ ಕರೆಂಟಿನ ಬಿಲ್ಲೂ ಹುಟ್ಟುತ್ತಿರಲಿಲ್ಲ. ಅವರ ಕಂಕುಳಲ್ಲಿ ಬಿಳಿ ಬಟ್ಟೆಯ ಒಂದು ಸುರುಳಿ ಇತ್ತು. ಮೇಜಿನ ಮೇಲೆ ಬಿಚ್ಚಿ, ಬೆಳಕಿಗೆ ಓರೆಯಾಗಿ ಹಿಡಿದರು. ಒಂದು ಮೈ ಸಾದಾ, ಇನ್ನೊಂದು ಮೈ ತುಂಬ ಸಣ್ಣ ಮರಳು ಉದುರಿಸಿದಂಥ ಚುಕ್ಕೆ. ಅದು ಅಂಟು ಬಕ್ರಂ. ಗಂಜಿಯೂ ಬೇಡ, ನಡುವಿನ ಹೊಲಿಗೆಯೂ ಬೇಡ. ಚುಕ್ಕೆಯ ಮೈಯನ್ನು ಅಂಗಿಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿದರೆ ಚುಕ್ಕೆ ಕರಗಿ ಎರಡೂ ಒಂದಾಗುತ್ತವೆ. ಈಗಿನ ಗಿರಾಕಿಗೆ ಕನ್ನಡಿಯ ಹಾಗೆ ನುಣುಪಾದ ಕಾಲರು ಬೇಕು, ಗಂಜಿಯ ಕಾಲರನ್ನು ಯಾರೂ ಮುಟ್ಟುತ್ತಿಲ್ಲ ಎಂದರು ಧಣಿ. ಊರಾಚೆಯ ಕಾರ್ಖಾನೆಯವರು ದೊಡ್ಡ ಯಂತ್ರದಲ್ಲಿ ಇದನ್ನೇ ಮಾಡಿಕೊಡಲು ತಯಾರಿದ್ದಾರಂತೆ.

“ಹಳೇ ಋಣ ಇದೆ, ಅದಕ್ಕೇ ಮೊದಲು ಇಲ್ಲಿಗೆ ಬಂದೆ,” ಎಂದರು. “ಮಾದರಿ ಮಾಡಿಕೊಡಿ. ನಮ್ಮನೇಲಿ ಒಗೆಸಿ ನೋಡ್ತೀನಿ. ನಮ್ಮಾಕೆ ಒಗೆತಕ್ಕೆ ನಿಂತ ಕಾಲರು ಎಲ್ಲಿ ಬೇಕಾದ್ರೂ ನಿಲ್ಲುತ್ತೆ. ನಿಂತ್ರೆ ಕೆಲಸ ನಿಮ್ದೇ. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡಿ.”

ಬೇಜಾರು ಮಾಡಿಕೊಳ್ಳಬೇಡಿ ಎಂದು ಗಿರಾಕಿ ಹೇಳಿದರೆ ಅಂಗಡಿಗೆ ಬೀಗ ಹುಡುಕುವ ಹೊತ್ತು ಬಂತೆಂದೇ ಅರ್ಥ. ಅದು ಸೊಸೆಗೆ ತವರಿನಿಂದಲೇ ಗೊತ್ತಿತ್ತು.

ಬಿರುಗಾಳಿ ಅಂದೇ ಕೂತ. ದೊಡ್ಡ ಅಳತೆಯ ಪಟ್ಟಿಗಳೆಲ್ಲ ತನಗೆ ಎಂದ. ಮಕ್ಕಳ ಅಂಗಿಯ ಪುಟ್ಟ ಪಟ್ಟಿಗಳನ್ನು ಸೊಸೆ ಅತ್ತೆಯ ಕೈಗೆ ಕೊಟ್ಟಳು. ಕೊಡದಿದ್ದರೆ ಆ ಸುದ್ದಿಯೂ ಕಿಟಕಿಯಿಂದ ಆಚೆ ಹೋಗುತ್ತಿತ್ತು. ಒತ್ತಿದ್ದನ್ನೆಲ್ಲ ಹೊಲಿದು, ತಿರುವಿ, ಮೂಲೆ ಎತ್ತಿದ್ದು ಸೊಸೆಯೇ. ಮುಗಿದಾಗ ಎಲ್ಲವೂ ಎಷ್ಟು ನುಣುಪಾಗಿದ್ದವೆಂದರೆ ಅವಳು ಆಗಲೇ ಎರಡನೆಯ ಮೇಜಿನ ಅಳತೆಯನ್ನು ಮೊಳ ಹಾಕಿ ನೋಡಿದಳು.

ಧಣಿ ಮಾದರಿಗಳನ್ನು ಒಗೆಸಿ, ಗಂಟು ತಂದು ಬಿಚ್ಚಿದಾಗ ಆ ಅಳತೆ ಮರೆತೇಹೋಯಿತು. ದೊಡ್ಡ ಕಾಲರುಗಳ ಮೈಮೇಲೆ ಸುಟ್ಟ ಚರ್ಮದ ಹಾಗೆ ಬೊಬ್ಬೆ ಎದ್ದಿತ್ತು. ಒಳಗಿನ ಬಕ್ರಂ ಒಂದು ಕಡೆ, ಮೇಲಿನ ಬಟ್ಟೆ ಒಂದು ಕಡೆ. ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಹಾಗೆ ಒಂದೇ ಸೂರಿನಡಿ ಮುಖ ತಿರುಗಿಸಿಕೊಂಡಿದ್ದವು. ಧಣಿ ಗಂಟಿನ ಅಡಿಯಿಂದ ಮಕ್ಕಳ ಕಾಲರು ತೆಗೆದರು. ಅವು ಹೊಸ ನಾಣ್ಯದ ಹಾಗೆ ಇದ್ದವು. ಉಗುರು ಹಾಕಿ ಕೆರೆದರೂ ಪದರ ಬಿಡಲಿಲ್ಲ.

“ಇದನ್ನ ಮಾಡಿದ ಕೈಲೇ ಎಲ್ಲಾನೂ ಮಾಡಿಸಿ,” ಎಂದರು. “ಇನ್ನೊಂದೇ ಸಲ ನೋಡ್ತೀನಿ. ಕಾರ್ಖಾನೆಯವರು ಬಾಗಿಲಲ್ಲೇ ನಿಂತಿದಾರೆ.”

ಅವರು ಹೋದಮೇಲೆ ಬಿರುಗಾಳಿ, ಸಣ್ಣದರಲ್ಲಿ ಅಂಟಲು ಜಾಗವೇ ಎಷ್ಟಿದೆ, ಅದಕ್ಕೇ ಅಂಟಿದೆ ಎಂದು ವಾದಿಸಿದ. ಸೊಸೆಗೆ ಒಪ್ಪಿಗೆಯಾಗಲಿಲ್ಲ. ಬಟ್ಟೆ ಅದೇ, ಅಂಟು ಅದೇ, ಇಸ್ತ್ರಿ ಅದೇ, ಹೊಲಿದವಳು ತಾನೇ. ಬೇರೆಯಾದದ್ದು ಒತ್ತಿದ ಕೈ ಒಂದೇ. ಆ ಮನೆಗೆ ಬಂದಮೇಲೆ ಮೊದಲ ಸಲ ಅವಳು ಕಿಟಕಿಯ ಬಳಿ ಹೋಗಿ ನಿಂತಳು. ಹೇಗೆ ಮಾಡಿದಿರಿ ಅತ್ತೆ ಎಂದು ಕೇಳಿದಳು.

“ಒತ್ತಿದೆ, ಅಂಟಿತು,” ಎಂದಳು ಅತ್ತೆ. “ಇದರಲ್ಲಿ ಕೇಳೋದೇನಿದೆ? ನಿನ್ ಗಂಡ ಒತ್ತಲಿಲ್ವಾ?”

ಮರುದಿನ ಅತ್ತೆಗೆ ಮೇಜಿನ ನಡುವಿನ ಜಾಗ ಸಿಕ್ಕಿತು. ಮಗ ಇಸ್ತ್ರಿ ಕಾಯಿಸಿಟ್ಟ. ಸೊಸೆ ಪಟ್ಟಿಗಳನ್ನು ಜೋಡಿಸಿಟ್ಟು, ಒತ್ತಿದ್ದನ್ನು ಕೈಯೊಡ್ಡಿ ಪಡೆಯಲು ಪಕ್ಕದಲ್ಲೇ ನಿಂತಳು. ಇಷ್ಟು ಜನ ತನ್ನ ಕೈಯನ್ನೇ ನೋಡುತ್ತಿದ್ದಾರೆಂಬುದು ಕಿಟಕಿಯಮ್ಮನಿಗೆ ಎಷ್ಟು ನಾಟಿತೆಂದರೆ, ಕೂದಲು ಬಿಗಿದು ಕಟ್ಟಿ, ಒಂದೂ ಮಾತಾಡದೆ, ದಾದಿ ಎದುರಿನಿಂದ ಮೂರು ಸಲ ಕೆಮ್ಮಿದರೂ ತಿರುಗದೆ, ಒಂದಾದಮೇಲೊಂದು ಒತ್ತಿ ಸೊಸೆಯ ಕೈಗಿಟ್ಟಳು. ತಾಯಿಯ ಕೈ ಇಷ್ಟು ಚುರುಕೆಂದು ಬಿರುಗಾಳಿಗೂ ಗೊತ್ತಿರಲಿಲ್ಲ. ಈ ಸಲ ಧಣಿಯ ಮನೆಗೆ ಕಳಿಸುವ ಮೊದಲು ತಾವೇ ಬಿಸಿನೀರಿನ ಬಕೆಟ್ಟಿನಲ್ಲಿ ಸೋಪು ಹಾಕಿ ತಿಕ್ಕಿ, ಒಣಗಿಸಿ ನೋಡಿದರು.

ಅಷ್ಟೂ ಬೊಬ್ಬೆ.

ಅತ್ತೆ ಒಂದು ಕಾಲರನ್ನು ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಸವರಿ, ಬೊಬ್ಬೆ ಅಡಗೀತೇ ಎಂಬಂತೆ ಸ್ವಲ್ಪ ಹೊತ್ತು ಒತ್ತಿ ಹಿಡಿದಳು.

“ನನ್ ಕೈ ಹೋಯ್ತು ಕಣೇ,” ಎಂದಳು. “ಮಗಳು ಬರಲಿ, ಹೋಗ್ತೀನಿ. ಬ್ಯಾಗು ನಾನೇ ತುಂಬಿಟ್ಕೊಂಡಿದೀನಿ. ನೀನು ಹೇಳಿಕಳಿಸಿದ್ದು ಗೊತ್ತಾಯ್ತು. ಕಿಟಕಿಯಲ್ಲಿ ಕೂತವಳಿಗೆ ಯಾವ ಸುದ್ದಿ ತಪ್ಪುತ್ತೆ ಹೇಳು.”

ಬೈದಿದ್ದರೆ ಸೊಸೆ ಉತ್ತರ ಕೊಡುತ್ತಿದ್ದಳು. ಉತ್ತರಗಳ ದಾಸ್ತಾನು ಅವಳಲ್ಲಿ ಎಂದೂ ಖಾಲಿಯಾಗಿರಲಿಲ್ಲ. ಬೈಯದೆ ಬಿಟ್ಟದ್ದಕ್ಕೆ ಏನು ಕೊಡಬೇಕೆಂದು ತಿಳಿಯದೆ, ಬಕೆಟ್ಟಿನ ನೀರು ಚೆಲ್ಲುವ ನೆಪದಲ್ಲಿ ಹಿಂದಕ್ಕೆ ಹೋದಳು.

ಆಮೇಲಿನ ದಿನಗಳಲ್ಲಿ ಮನೆ ಎಷ್ಟು ಮೌನವಾಯಿತೆಂದರೆ ಹೊಲಿಗೆ ಯಂತ್ರದ ಸದ್ದೇ ಜೋರಾಗಿ ಕೇಳತೊಡಗಿತು. ಅತ್ತೆ ಒಳಕೋಣೆಯಲ್ಲಿ ಕೂತಿರುತ್ತಿದ್ದಳು. ಬಿರುಗಾಳಿ ಇಸ್ತ್ರಿಯ ಬಿಸಿ ಹೆಚ್ಚಿಸಿ ನೋಡಿದ, ಬಟ್ಟೆ ಹೊತ್ತಿತು. ಕಡಿಮೆ ಮಾಡಿದ, ಅಂಟು ಕರಗಲೇ ಇಲ್ಲ. ಒದ್ದೆ ಬಟ್ಟೆ ಹಾಸಿ ಒತ್ತಿದ, ಎರಡೆರಡು ಸಲ ಒತ್ತಿದ. ಒಗೆದಾಗ ಎಲ್ಲಕ್ಕೂ ಒಂದೇ ಗತಿ. ಎದುರು ಮನೆಯ ದಾದಿ ಮಾತ್ರ ದಿನಕ್ಕೊಮ್ಮೆ ಸೊಸೆಯನ್ನೇ ಕರೆದು, ನಿಮ್ಮತ್ತೆಗೆ ಹುಷಾರಿಲ್ವಾ, ಮೊಣಕೈ ಹೆಚ್ಚಾಗಿದೆಯಾ ಎಂದು ವಿಚಾರಿಸುತ್ತಿದ್ದಳು. ಇಲ್ಲ, ಚೆನ್ನಾಗಿದ್ದಾರೆ ಎಂದು ಸೊಸೆ ಚುಟುಕಾಗಿ ಮುಗಿಸುತ್ತಿದ್ದಳು. ದಾದಿಗೆ ಇಂಥ ಚಿಲ್ಲರೆ ಮಾತು ಸಾಕಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ದಾದಿಗೇ ತಡೆಯಲಾಗಲಿಲ್ಲ. ಕಿಟಕಿಯಲ್ಲಿ ನಿಂತು, ಮೂಲೆ ಮನೆಯ ಗಡಿಯಾರ ರಿಪೇರಿಯವನು ಹೆಂಡತಿಯೊಡನೆ ಮುನಿಸಿಕೊಂಡು ಅಂಗಡಿಯಲ್ಲೇ ಮಲಗುತ್ತಿದ್ದಾನೆಂಬ ಸುದ್ದಿಯನ್ನು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಒಳಕೋಣೆಯಲ್ಲಿ ಅತ್ತೆ ಎದ್ದ ಸದ್ದಾಯಿತು. ಅವಳು ಬಂದವಳು ನೇರ ಕಿಟಕಿಗೆ ಹೋಗಲಿಲ್ಲ. ಮೊದಲು ಮೇಜಿನ ಬಳಿ ನಿಂತು, ಅಲ್ಲಿ ಉಳಿದಿದ್ದ ಪಟ್ಟಿಯೊಂದನ್ನು ಎಳೆದುಕೊಂಡು, ಚುಕ್ಕೆಯ ಮೈ ನೋಡಿ ಇಟ್ಟು, ಇಸ್ತ್ರಿ ಒತ್ತಿದಳು. ಒತ್ತಿದ್ದನ್ನು ಎರಡೂ ಅಂಗೈ ಮೇಲೆ ಚಪ್ಪಟೆಯಾಗಿ ಹೊತ್ತುಕೊಂಡು, ಬಿಸಿ ಹಾಲಿನ ಬಟ್ಟಲು ಒಯ್ಯುವವರ ಹಾಗೆ ಕಿಟಕಿಗೆ ನಡೆದಳು. ಕಲ್ಲಿನ ಕಟ್ಟೆಯ ಮೇಲೆ ಅದನ್ನು ಹರಡಿ, ಮೇಲೆ ಒಂದು ಮಡಚಿದ ಬಟ್ಟೆ ಹಾಕಿ, ಅದರ ಮೇಲೆ ಮೊಣಕೈ ಊರಿದಳು. ಮೈಭಾರವೆಲ್ಲ ಆ ಮೊಣಕೈಯ ಮೇಲೆ. ಗಡಿಯಾರದವನ ಸಂಸಾರ ಶುರುವಾಯಿತು.

ಸೊಸೆ ಹೊಲಿಗೆ ಯಂತ್ರ ನಿಲ್ಲಿಸಿದಳು.

ಇದನ್ನು ಅವಳು ದಿನಾ ನೋಡಿದ್ದಳು. ನೋಡಿ ನೋಡಿ ಮೈಯೆಲ್ಲ ಉರಿಸಿಕೊಂಡಿದ್ದಳು. ಅತ್ತೆ ಕಿಟಕಿಗೆ ಹೋಗುತ್ತಾಳೆ ಎಂಬುದನ್ನು ಕಂಡಿದ್ದಳೇ ಹೊರತು, ಕೈಯಲ್ಲಿ ಏನು ಹೋಗುತ್ತದೆ ಎಂಬುದನ್ನು ಕಂಡಿರಲಿಲ್ಲ. ಈಗ ರೆಪ್ಪೆಯೂ ಮಿಟುಕಿಸದೆ ಕೂತಳು. ಗಡಿಯಾರದವನು ಹೆಂಡತಿಗೆ ಸುಳ್ಳು ಹೇಳಿದ್ದು, ಅವಳು ಕಂಡುಹಿಡಿದದ್ದು, ಇವನು ದಿಂಬು ಹೊತ್ತು ಹೊರಟದ್ದು ಎಲ್ಲ ಮುಗಿದು ಅತ್ತೆ ಮೊಣಕೈ ಎತ್ತಿದಾಗ, ಸೊಸೆ ಹೋಗಿ ಪಟ್ಟಿಯನ್ನು ಮುಟ್ಟಿದಳು. ಅದು ಕಲ್ಲಿನಷ್ಟೇ ತಣ್ಣಗಿತ್ತು.

“ಅತ್ತೆ, ಇದನ್ನ ಯಾಕೆ ಇಲ್ಲಿಡ್ತೀರಿ?”

“ಮೊಣಕೈ ನೋವು ಕಣೇ. ಬಿಸಿ ತಾಗಿದ್ರೆ ಹಿತವಾಗುತ್ತೆ,” ಎಂದಳು ಅತ್ತೆ, ಕದ್ದು ಸಿಕ್ಕವರ ಹಾಗೆ. “ಆರಿದಮೇಲೆ ಇನ್ನೊಂದು ಒತ್ಕೊಂಡ್ ಬರ್ತೀನಿ. ಅದಕ್ಕೂ ಬಾಡಿಗೆ ಹಾಕ್ತೀಯಾ?”

“ಮೊನ್ನೆ ನಾವು ನಿಂತಿದ್ದಾಗ ಇಡಲಿಲ್ಲ?”

“ನೀವೆಲ್ಲ ಯಜಮಾನರ ಹಾಗೆ ಸುತ್ತ ನಿಂತಿದ್ರಿ. ಆಗ ಹೋಗಿ ಮೊಣಕೈ ಕಾಯಿಸ್ಕೊಂಡು ಕೂತ್ರೆ ಚೆನ್ನಾಗಿರುತ್ತಾ?”

ಸೊಸೆ ಪಟ್ಟಿಯ ಮೂಲೆಗೆ ಉಗುರು ಹಾಕಿ ಕಿತ್ತಳು. ಬಿಡಲಿಲ್ಲ. ಗಂಡನನ್ನು ಕರೆದು ಒಂದು ಪಟ್ಟಿ ಒತ್ತಿಸಿ, ಬಿಸಿ ಇರುವಾಗಲೇ ಎತ್ತಿ ಬಗ್ಗಿಸಿದಳು. ಒಳಗಿನ ಅಂಟು ಇನ್ನೂ ಜೇನಿನ ಹಾಗೆ ಸಡಿಲವಾಗಿತ್ತು; ಬಗ್ಗಿಸಿದ ಕಡೆಯೆಲ್ಲ ಪದರ ಪದರ ಜಾರಿತು. ಇಷ್ಟು ದಿನ ಅವನು ಎಸೆದದ್ದೂ, ಗೋಪುರ ಕಟ್ಟಿದ್ದೂ, ತಾನು ಅತ್ತೆಯ ಕೈಯಿಂದ ಬಿಸಿಬಿಸಿಯಾಗಿ ಕಿತ್ತುಕೊಂಡದ್ದೂ ಇದನ್ನೇ. ಇಸ್ತ್ರಿ ಕರಗಿಸುತ್ತದೆ ಅಷ್ಟೇ. ಅಂಟು ಹಿಡಿಯುವುದು ಆರುವಾಗ. ಅದೂ ಭಾರದ ಅಡಿಯಲ್ಲಿ, ಅಲುಗಾಡದೆ ಮಲಗಿ. ಅಂಟಿಗೆ ಬೇಕಾಗಿದ್ದದ್ದು ದಾದಿಯ ಒಂದು ಸುದ್ದಿಯಷ್ಟು ಹೊತ್ತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರ ಕತೆ ಕೇಳಿ ಸೊಸೆ ಎಷ್ಟೋ ಸಲ ನಕ್ಕಿದ್ದಳು. ಆ ಹೊತ್ತು ನಗಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟು, ತಣ್ಣನೆಯ ಆ ಕಲ್ಲನ್ನು ಒಮ್ಮೆ ಸವರಿದಳು.

ಬಿರುಗಾಳಿಗೆ ಶುರುವಾದದ್ದು ನಿಜವಾದ ಶಿಕ್ಷೆ. ಕಟ್ಟೆಯ ಮೇಲೆ, ಹಿತ್ತಿಲ ಬಾಗಿಲ ಕಲ್ಲಿನ ಮೇಲೆ, ಒಳಕೋಣೆಯ ನೆಲದ ಮೇಲೆ ಪಟ್ಟಿಗಳು ಹಲಗೆಯ ಅಡಿ ಮಲಗಿದವು. ಹಲಗೆಯ ಮೇಲೆ ಬಟ್ಟೆ ಸುತ್ತಿದ ಇಟ್ಟಿಗೆ. ಅವನು ಎರಡೂ ಕೈ ಮಂಡಿಯ ಮೇಲಿಟ್ಟು, ಹೆರಿಗೆ ಕೋಣೆಯ ಹೊರಗೆ ಕೂತ ಗಂಡಸಿನ ಹಾಗೆ ಕಾಯಬೇಕು. ಒಂದೆರಡು ಸಲ ಹಲಗೆ ಎತ್ತಿ ಇಣುಕಿದ. ತಾಳಿದವನು ಬಾಳಿಯಾನು ಅಂತ ನಿಮ್ಮಪ್ಪ ಬಾಯಲ್ಲಿ ಸೂಜಿ ಇಟ್ಕೊಂಡೇ ಹೇಳ್ತಿದ್ರು ಎಂದು ತಾಯಿ ಗದರಿದಳು. ಅಪ್ಪ ಹಾಗೆ ಹೇಳಿದ್ದು ಅವನಿಗೆ ನೆನಪಿರಲಿಲ್ಲ. ಬಹುಶಃ ಸೂಜಿಯ ಕಾರಣದಿಂದ ಕೇಳಿಸಿರಲಿಕ್ಕಿಲ್ಲ.

ಎರಡನೆಯ ಗಂಟು ಧಣಿಯ ಮನೆಗೆ ಹೋಯಿತು. ಅವರ ಹೆಂಡತಿಯ ಒಗೆತವನ್ನು ಉಂಡು ಬಂತು. ಈ ಸಲ ಧಣಿ ಗಂಟು ತಂದು, ಕೂತು, ಒಂದೊಂದೇ ಕಾಲರನ್ನು ಹಿಂಡಿ, ಬಗ್ಗಿಸಿ, ಕಿವಿಯ ಬಳಿ ಹಿಡಿದು ಬೆರಳಿನಿಂದ ಟಪ್ಪನೆ ಹೊಡೆದು ನೋಡಿದರು. ಒಂದೂ ಬಾಯಿ ಬಿಡಲಿಲ್ಲ. ಬಟ್ಟೆಯ ಹೊಸ ಸುರುಳಿಗಳು ನಾಳೆ ಬರುತ್ತವೆ ಎಂದರು. ಏನು ಮಾಡಿದಿರಿ ಎಂದೂ ಕೇಳಿದರು. ಸೊಸೆ ನೀರು ತಂದು ಕೊಟ್ಟಳು, ಅವರ ಮಕ್ಕಳ ಓದು ವಿಚಾರಿಸಿದಳು, ಬಾಗಿಲವರೆಗೆ ಕಳಿಸಿಕೊಟ್ಟಳು. ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ ಎಂಬುದು ಧಣಿಗೆ ಬೀದಿಯ ತಿರುವಿನಲ್ಲಿ ಹೊಳೆದಿರಬೇಕು.

ಅವರು ತಿರುಗಿದ ಮೂಲೆಯಿಂದಲೇ ನಾದಿನಿ ಬಂದಳು. ಬಾಡಿಗೆ ಗಾಡಿಯನ್ನು ಬೀದಿಯ ತುದಿಯಲ್ಲಿ ಕಾಯಲು ಹೇಳಿ ಬಂದಿದ್ದಳು. ಅತ್ತೆ ಹೊರಡುವ ಸೀರೆ ಉಟ್ಟು, ತುಂಬಿದ ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದಳು. ಕೆಲಸ ಉಳಿಯಿತಲ್ಲ, ಇನ್ನು ತನ್ನದೇನಿದೆ ಎಂಬ ಮುಖ. ಮಗ ಗೋಡೆಯ ಅಚ್ಚುಗಳನ್ನು ಸುಮ್ಮನೆ ತೆಗೆದು ಸುಮ್ಮನೆ ನೇತುಹಾಕುತ್ತಿದ್ದ. ತಾಯಿ ಹೆಂಡತಿಯರ ನಡುವೆ ಸಿಕ್ಕ ಗಂಡಸಿಗೆ ಗೋಡೆಯೇ ಗತಿ.

“ಅತ್ತಿಗೆ, ಹೊರಡ್ಲಾ? ಗಾಡಿಯವನು ಕೂಗಾಡ್ತಾನೆ,” ಎಂದಳು ನಾದಿನಿ.

ಸೊಸೆ ಬ್ಯಾಗನ್ನು ಎತ್ತಿಕೊಂಡಳು. ಎತ್ತಿಕೊಂಡು ಬಾಗಿಲ ಕಡೆ ಹೋಗದೆ ಒಳಕೋಣೆಗೆ ಹೋಗಿ, ಮಂಚದ ಮೇಲಿಟ್ಟು ಬಂದಳು.

“ನೀವು ಹೋಗ್ಬೇಡಿ ಅತ್ತೆ.”

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹರಕು ನೋಟು ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ. ಆಮೇಲೆ ಮಗಳ ಕಡೆ ತಿರುಗಿ, ಇವಳಿಗೆ ಇಟ್ಟಿಗೆ ಸಾಲಲಿಲ್ಲ ಅಂತ ಕಾಣುತ್ತೆ, ನನ್ನ ಮೊಣಕೈ ಬೇಕಾಗಿದೆ ಎಂದಳು. ಇರುವುದಾದರೆ ಏನೇನು ಬೇಕೆಂದು ಹೇಳತೊಡಗಿದಳು. ಕಿಟಕಿಯ ಮೂಲೆಗೆ ಮೇಜು ಬರಕೂಡದು. ಕೂರಲು ಬೆನ್ನಿರುವ ಕುರ್ಚಿ ಬೇಕು, ಎತ್ತರದ್ದು, ದಾದಿಯ ಮುಖ ಕಾಣುವಂಥದ್ದು. ಬೆಳಗಿನ ಮೊದಲ ಲೋಟ ಚಹಾ ತನಗೆ, ಮಗನಿಗಲ್ಲ. ಬಿರುಗಾಳಿ ತನಗೆ ಬೇಗ ಬೇಗ ಅನ್ನಕೂಡದು; ಅಂದರೆ ಅವನ ಹೆಸರನ್ನು ಬೀದಿಯಲ್ಲಿ ಬದಲಾಯಿಸಿ ಹಾಕುತ್ತಾಳಂತೆ.

ಸೊಸೆ ಪ್ರತಿಯೊಂದಕ್ಕೂ ಹೂಂ ಎಂದಳು. ನಾಲ್ಕನೆಯ ಹೂಂ ಆದಮೇಲೆ ಅತ್ತೆಗೆ ಅನುಮಾನ ಬಂತು.

“ಏನೇ, ಚೌಕಾಸಿ ಮಾಡಲ್ವಾ?”

“ನೀವು ಕೇಳಿದ್ದೇ ಕಡಿಮೆ ಆಯ್ತು ಅತ್ತೆ,” ಎಂದಳು ಸೊಸೆ. ಗುಂಡಿ ದಾರದ ಅಂಗಡಿಯಲ್ಲಿ ಈ ಮಾತಿನ ಮುಂದಿನ ಮಾತು ಯಾವುದೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಅತ್ತೆ ಎದ್ದು, ಹೊರಡುವ ಸೀರೆಯಲ್ಲೇ ಮೇಜಿನ ಬಳಿ ಹೋಗಿ, ಗಾಡಿಯವನಿಗೆ ಹೋಗಲು ಹೇಳಿ ಬಾ, ಬಂದು ಊಟ ಮಾಡಿಕೊಂಡು ಹೋಗು ಎಂದು ಮಗಳಿಗೆ ಅಪ್ಪಣೆ ಮಾಡಿದಳು. ಒಂದು ಪಟ್ಟಿ ಒತ್ತಿದಳು. ಅಂಗೈ ಮೇಲೆ ಹೊತ್ತು ಕಿಟಕಿಗೆ ನಡೆದಳು.

ಸೊಸೆ ಯಂತ್ರದ ಮುಂದೆ ಕೂತಳು. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು. ಅತ್ತೆ ದಾದಿಗೆ ನಡೆದದ್ದನ್ನು ಹೇಳುತ್ತಿದ್ದಳು. ಆ ಕತೆಯಲ್ಲಿ ಸೊಸೆ ಬಿಕ್ಕಿ ಬಿಕ್ಕಿ ಅತ್ತಳು. ನೀವಿಲ್ಲದೆ ಈ ಮನೆ ಮನೆಯಲ್ಲ ಎಂದು ಕಾಲು ಹಿಡಿದಳು. ಎಷ್ಟು ಬಿಡಿಸಿದರೂ ಬಿಡಲಿಲ್ಲ. ಧಣಿಯಂತೂ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಅಯ್ಯೋ ಪಾಪ ಎಂದು ಎದುರಿನಿಂದ ದಾದಿ ಲೊಚಗುಟ್ಟಿದಳು. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಿಗೆಯ ಮುಖ ನೋಡಿದಳು. ಇದೆಲ್ಲ ಸುಳ್ಳು ಎಂದು ಒಂದು ಮಾತು ಕೂಗಿದ್ದರೆ ಮುಗಿಯುತ್ತಿತ್ತು. ಸೊಸೆ ದಾರ ಪೋಣಿಸಿಕೊಂಡು ಸುಮ್ಮನೆ ಕೂತಳು. ಆ ಮೊಣಕೈಯ ಅಡಿ ಪಟ್ಟಿ ಇನ್ನೂ ಆರಿರಲಿಲ್ಲ.